ಬಾಗಿಲು ತೆರೆದ ಪೆದ್ದ

"ಮುಚ್ಚಿಬಿಡಪ್ಪಾ," ಎಂದಳು ಕಂಡಕ್ಟರನ ಹೆಂಡತಿ.

ಚರ್ಚಿನ ಕೆಲಸದವನು ಒಂದು ಕದ ಎಳೆದು, ಇನ್ನೊಂದರ ಮೇಲೆ ಕೈಯಿಟ್ಟು, ಪಾದ್ರಿಯ ಮುಖ ನೋಡುತ್ತ ನಿಂತಿದ್ದ. ಪಾದ್ರಿ ಶವಪೆಟ್ಟಿಗೆಯ ಪಕ್ಕದಿಂದ ಮುಂದಿನ ಬೆಂಚಿನಲ್ಲಿದ್ದ ಅವಳತ್ತ ಬಗ್ಗಿದರು.

"ನಿಮ್ಮ ಭಾವ ಇನ್ನೂ ಬಂದಿಲ್ವಲ್ಲಮ್ಮ. ಸ್ವಲ್ಪ ಕಾಯೋಣ್ವಾ?"

"ಯಾರಿಗೂ ಕಾದವರಲ್ಲ ಅವರು. ಅವರಿಗೂ ಯಾರೂ ಕಾಯೋದು ಬೇಡ."

ಕದ ಮುಚ್ಚಿತು, ಅಗುಳಿ ಬಿತ್ತು. ಸುಳ್ಳೇಕೆ, ಅವಳ ಹೊಟ್ಟೆ ತಣ್ಣಗಾಯಿತು.

ಅಣ್ಣ ಡ್ರೈವರ್, ತಮ್ಮ ಕಂಡಕ್ಟರ್, ಇಬ್ಬರದೂ ಒಂದೇ ಬಸ್ಸು. ದೂರದಲ್ಲಿ ಯಾರಾದರೂ ಚೀಲ ಹಿಡಿದು ಓಡಿಬರುವುದು ಕಂಡರೆ ಸಾಕು, ತಮ್ಮ ಹೊರಡುವ ಸೀಟಿ ಊದುತ್ತಿರಲಿಲ್ಲ. ಅಣ್ಣ ಹಾರ್ನ್ ಒತ್ತಿ ಒತ್ತಿ ಬೈಯುತ್ತಿದ್ದರು. ಕೊನೆಗೆ ದಿನಾ ತಡವೆಂದು ಮೇಲಿನವರು ಅಣ್ಣನನ್ನೇ ತರಾಟೆಗೆ ತೆಗೆದುಕೊಂಡು ಬೇರೆ ದಾರಿಯ ಬಸ್ಸಿಗೆ ಹಾಕಿದರು. "ಈ ಪೆದ್ದನ ಹೊಸಿಲು ತುಳಿಯಲ್ಲ," ಎಂದು ಹೋದವರು ತುಳಿಯಲೇ ಇಲ್ಲ. ತಮ್ಮ ಹಾಸಿಗೆ ಹಿಡಿದಾಗಲೂ ಬರಲಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಅವನು, "ಅಣ್ಣ ಬಂದ್ನಾ?" ಎಂದು ಕೇಳುತ್ತಿದ್ದ.

ಹಿಂದಿನ ಬೆಂಚಿನಲ್ಲಿ ಟೈಲರಮ್ಮ ಪಿಸುಗುಟ್ಟಿದಳು: "ಇವನಿರೋವರೆಗೂ ನಂಗೆ ಬಸ್ಸು ತಪ್ಪಿದ್ದೇ ಇಲ್ಲ ಕಣೇ."

"ಒಳಗೆ ಕೂತವರ ಬೈಗುಳ ನೀನು ಕೇಳಿಲ್ಲ. ನಾನೂ ಬೈದಿದೀನಿ ಬಿಡು," ಎಂದಳು ಪಕ್ಕದವಳು, ಕಣ್ಣೊರೆಸಿಕೊಳ್ಳುತ್ತ.

*

ಕಂಡಕ್ಟರನಿಗೆ ಪೆದ್ದ ಎಂಬ ಹೆಸರು ಬಂದದ್ದು ಇದೇ ಚರ್ಚಿನಲ್ಲಿ, ಮಕ್ಕಳ ನಾಟಕದಲ್ಲಿ. ಮದುಮಗನನ್ನು ಎದುರುಗೊಳ್ಳಲು ದೀಪ ಹಿಡಿದು ಹೊರಟ ಹತ್ತು ಹುಡುಗಿಯರ ಬೈಬಲ್ ಕತೆ. ಐವರು ಜಾಣೆಯರು ಎಣ್ಣೆ ಇಟ್ಟುಕೊಂಡಿದ್ದರು. ಐವರು ಪೆದ್ದಿಯರು ಎಣ್ಣೆ ತರಲು ಹೋಗಿ ಬರುವಷ್ಟರಲ್ಲಿ ಮದುಮಗ ಒಳಗೆ ಹೋಗಿ ಬಾಗಿಲು ಮುಚ್ಚಿತ್ತು. ಅವಳೂ ಒಬ್ಬ ಪೆದ್ದಿ. ಅವನು ಮದುಮಗ.

ಅವಳು ರಟ್ಟಿನ ಬಾಗಿಲು ತಟ್ಟಿದಳು. ಅವನು 'ನೀವು ಯಾರೋ ನಂಗೊತ್ತಿಲ್ಲ' ಎನ್ನಬೇಕಿತ್ತು. ಬಾಯಿ ಬರಲಿಲ್ಲ. ಪರದೆಯ ಹಿಂದಿನಿಂದ ಮಾತು ಹೇಳಿಕೊಡುತ್ತಿದ್ದ ಅಣ್ಣ ಹಲ್ಲು ಕಡಿದ: "ಗೊತ್ತಿಲ್ಲ ಅನ್ನೋ, ಪೆದ್ದ!"

ಅವನು ಬಾಗಿಲೇ ತೆರೆದುಬಿಟ್ಟ. "ಗೊತ್ತಲ್ಲಾ ಇವರು. ಬನ್ನಿ ಒಳಗೆ."

ಚರ್ಚೆಲ್ಲ ಬಿದ್ದು ಬಿದ್ದು ನಕ್ಕಿತು. ಪಾಠ ಹೇಳುವ ಅಕ್ಕ ತಲೆ ಮೇಲೆ ಕೈಹೊತ್ತು ಕೂತಳು. ಕತೆಯ ಐವರು ಪೆದ್ದಿಯರ ಜೊತೆಗೆ ಅಂದು ಆರನೆಯವನೊಬ್ಬ ಸೇರಿಕೊಂಡ. ಮದುವೆಯ ಮಾತು ಬರಲು ಇನ್ನೂ ಎಷ್ಟೋ ವರ್ಷವಿತ್ತು, ಆದರೆ ಅವಳ ಮನಸ್ಸು ಹೋದದ್ದು ಆ ದಿನವೇ.

*

ಪಾದ್ರಿ ಓದಲು ಕನ್ನಡಕ ಏರಿಸಿದರು. ಬಾಗಿಲು ತಟ್ಟಿದ ಸದ್ದಾಯಿತು.

"ನಾನು... ಅವನ ಅಣ್ಣ," ಎಂದಿತು ಏದುಸಿರಿನ ದನಿ.

ಕೆಲಸದವನು ಅವಳತ್ತ ನೋಡಿದ. ಎಲ್ಲರೂ ನೋಡಿದರು. ಯಾರೋ ಗೊತ್ತಿಲ್ಲ ಅನ್ನು, ಎಂದು ಅವಳ ನಾಲಿಗೆಯ ತುದಿಗೆ ಬಂತು. ಅಷ್ಟು ವರ್ಷದ ಸಿಟ್ಟಿಗೆ ಅದೊಂದು ಮಾತು ಸಾಕಿತ್ತು. ಪೆಟ್ಟಿಗೆಯೊಳಗೆ ಅವನು ಯಾರನ್ನೋ ಕಾಯುವವನಂತೆ ಮಲಗಿದ್ದ.

ಅವಳೇ ಎದ್ದು ಹೋಗಿ ಅಗುಳಿ ತೆಗೆದಳು. ಮೆಟ್ಟಿಲ ಮೇಲೆ ಭಾವ ಟೋಪಿಯನ್ನು ಕೈಯಲ್ಲಿ ಮುದುಡಿಕೊಂಡು ನಿಂತಿದ್ದರು. ಬಹಳ ಮುದುಕರಾಗಿದ್ದರು.

"ತಡವಾಯ್ತಮ್ಮ," ಎಂದರು.

"ಗೊತ್ತು ಭಾವ. ಬನ್ನಿ ಒಳಗೆ."

ಅವರು ತಲೆತಗ್ಗಿಸಿ ತಮ್ಮನತ್ತ ನಡೆದರು. ಕೆಲಸದವನು ಕದ ಮುಚ್ಚಲು ಬಂದ. ರಸ್ತೆಯ ತಿರುವಿನಲ್ಲಿ ಯಾರೋ ಹೆಂಗಸು ಚೀಲ ಹಿಡಿದುಕೊಂಡು ಓಡಿಬರುತ್ತಿದ್ದಳು.

"ಇರಪ್ಪಾ," ಎಂದು ಕಂಡಕ್ಟರನ ಹೆಂಡತಿ ಕದಕ್ಕೆ ಬೆನ್ನು ಕೊಟ್ಟು ನಿಂತು, ಬರುವವಳಿಗೆ ಕಾಣುವಂತೆ ಕೈ ಎತ್ತಿ ಹಿಡಿದಳು.