ರಿಲೀವರ್ ಬರುವ ತನಕ

ಹೊಟ್ಟೆಯ ಆಪರೇಷನ್ ಆದ ಎರಡನೆಯ ದಿನ ಅಪ್ಪ ಐಸಿಯುವಿನ ಮಂಚವನ್ನೇ ಬಸ್ಸು ಮಾಡಿಕೊಂಡಿದ್ದರು. ಮೂವತ್ತನಾಲ್ಕು ವರ್ಷ ಸ್ಟೀರಿಂಗ್ ಹಿಡಿದ ಕೈ, ಸುಮ್ಮನಿರು ಎಂದರೆ ಇದ್ದೀತೇ? ಮೂಗಿನ ನಳಿಕೆ ಕಿತ್ತರು. ಕುಡಿಯಲು ಕೊಟ್ಟ ನೀರಿನ ಲೋಟ ಎಸೆದರು. ಕೊನೆಗೆ ನರ್ಸುಗಳು ಅವರ ಎರಡು ಕೈಗಳನ್ನೂ ಪಟ್ಟಿ ಸುತ್ತಿ ಮಂಚಕ್ಕೆ ಕಟ್ಟಿದರು.

ಮಧ್ಯಾಹ್ನ ಮೂರಕ್ಕೆ, ಅಪ್ಪನಂತೆಯೇ ಬಸ್ ಓಡಿಸುವ ಮಗಳು ಡ್ಯೂಟಿ ಮುಗಿಸಿ, ಅದೇ ಡ್ರೈವರ್ ಅಂಗಿಯಲ್ಲಿ ಓಡಿಬಂದಳು. ಬಾಗಿಲಲ್ಲೇ ಡಾಕ್ಟರು ಸಿಕ್ಕರು.

"ಆಪರೇಷನ್ ಆದ್ಮೇಲೆ ಎಷ್ಟೋ ಜನಕ್ಕೆ ಹೀಗಾಗುತ್ತಮ್ಮ. ಹುಚ್ಚಲ್ಲ ಇದು. ಆದ್ರೆ ಹೀಗೇ ಒದ್ದಾಡಿದ್ರೆ ಹೊಲಿಗೆ ಬಿಚ್ಕೊಳ್ಳುತ್ತೆ. ಐದು ಗಂಟೆವರೆಗೆ ನೋಡ್ತೀನಿ. ಆಮೇಲೆ ಪೂರ್ತಿ ಮಂಪರು ಕೊಟ್ಟು ಉಸಿರಿನ ಮಷೀನ್ ಹಾಕ್ಬೇಕಾಗುತ್ತೆ. ಈ ವಯಸ್ಸಲ್ಲಿ ಅದರಿಂದ ಬಿಡಿಸೋದು ಸುಲಭ ಇಲ್ಲ."

ಕಾರಿಡಾರಿನ ಬೆಂಚಿನ ಮೇಲೆ ಅಮ್ಮ ಕಣ್ಣೊರೆಸಿಕೊಳ್ಳುತ್ತ, "ಮದುವೆಯಾಗಿ ನಲವತ್ತು ವರ್ಷ ಆಯ್ತು, ಆ ಬಸ್ಸಿಂದ ಇವರನ್ನ ಇಳಿಸಕ್ಕೆ ನನ್ನ ಕೈಲೇ ಆಗ್ಲಿಲ್ಲ. ನೀನೇನು ಮಾಡ್ತೀಯೋ ಮಾಡು," ಎಂದಳು.

ಮಗಳು ಒಳಗೆ ಹೋಗಿ ಮಂಚದ ಮೇಲೆ ಬಾಗಿದಳು. "ಅಪ್ಪಾ, ನಾನಪ್ಪ."

"ಮುಂದೆ ನಿಂತ್ಕೋಬೇಡಮ್ಮಾ, ರೋಡ್ ಕಾಣಲ್ಲ. ಹಿಂದೆ ಸೀಟ್ ಖಾಲಿ ಇದೆ, ಹೋಗು."

"ಇದು ಬಸ್ಸಲ್ಲಪ್ಪ, ಆಸ್ಪತ್ರೆ."

ಅಪ್ಪ ಅಕ್ಕಪಕ್ಕದ ಮಂಚಗಳತ್ತ ಕಣ್ಣು ಹಾಯಿಸಿದರು. "ಬಸ್ಸಲ್ವಾ? ಹಾಗಾದ್ರೆ ಇವರೆಲ್ಲ ಎಲ್ಲಿಗೆ ಹೋಗಕ್ಕೆ ಕೂತಿದ್ದಾರೆ?"

ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಅಪ್ಪ ನರ್ಸಿನತ್ತ ತಿರುಗಿದರು. "ಕಂಡಕ್ಟರ್, ರಿಲೀವರ್ ಬಂದ್ನಾ?"

"ಬರ್ತಾರೆ ತಾತ, ನೀವು ಮಲ್ಕೊಳ್ಳಿ. ನಿನ್ನೆಯಿಂದ ಇದೊಂದೇ ಪ್ರಶ್ನೆ ನೋಡಿ," ಎಂದಳು ನರ್ಸ್.

ಮಗಳು ಥಟ್ಟನೆ ನೆಟ್ಟಗಾದಳು. ಬದಲಿ ಡ್ರೈವರ್ ಬಾರದೆ ಯಾವ ಡ್ರೈವರ್ ತಾನೆ ಸೀಟಿನಲ್ಲಿ ಕಣ್ಣು ಮುಚ್ಚಿಯಾನು? ಡಿಪೋದಲ್ಲಿ ಅದಕ್ಕೊಂದು ಕ್ರಮವಿದೆ. ಬಂದವರು ತಮ್ಮ ಬ್ಯಾಡ್ಜ್ ನಂಬರ್ ಹೇಳಬೇಕು. ಇಳಿಯುವವರು ಗಾಡಿಯ ದೋಷವನ್ನೂ ತಮ್ಮ ಮೈಯ ತೊಂದರೆಯನ್ನೂ ಮುಚ್ಚಿಡದೆ ಒಪ್ಪಿಸಬೇಕು. ಆಮೇಲೆಯೇ ಕೀ.

ಅವಳು ಮಂಚದ ಕಾಲಬುಡಕ್ಕೆ ಹೋಗಿ ಅಂಗಿ ಸರಿಮಾಡಿಕೊಂಡು ನಿಂತಳು. "ಸಾರ್, ರಿಲೀಫ್. ನಂಬರ್ ನಲವತ್ತೊಂದು."

ಅಪ್ಪನ ಒದ್ದಾಟ ನಿಂತಿತು. ಅಡಿಯಿಂದ ಮುಡಿಯವರೆಗೆ ಅವಳನ್ನು ಅಳೆದರು. "ಎಷ್ಟು ವರ್ಷ ಆಯ್ತು ಗಾಡಿ ಹಿಡಿದು?"

"ಒಂಬತ್ತು ಸಾರ್."

"ಯಾರು ಕಲಿಸಿದ್ದು?"

"ಒಬ್ರು ಮುಂಗೋಪಿ ಇದ್ದಾರೆ ಸಾರ್. ಸುಮ್‌ಸುಮ್ನೆ ಕ್ಲಚ್ ತುಳಿದ್ರೆ ತಲೆಗೆ ಮೊಟಕೋರು."

"ಹಾಗಾದ್ರೆ ಸರಿಯಾಗೇ ಕಲಿಸಿದ್ದಾನೆ."

"ಗಾಡಿ ಹೇಗಿದೆ ಸಾರ್?"

"ಬ್ರೇಕ್ ಎಡಕ್ಕೆಳೆಯುತ್ತೆ. ಎರಡನೇ ಗೇರು ಮೊಂಡು. ಹಿಂದಿನ ಬಾಗಿಲು ಒದ್ರೇನೇ ಮುಚ್ಚೋದು."

"ಡ್ರೈವರ್ ಹೇಗಿದ್ದಾರೆ?"

ಅಪ್ಪ ಸಂಕೋಚದಿಂದ ದನಿ ತಗ್ಗಿಸಿದರು. "ಬೆಳಗಿಂದ ಒಂದಕ್ಕೆ ಹೋಗಿಲ್ಲಮ್ಮ. ಗಾಡಿ ತುಂಬ ಜನ, ಎಲ್ಲಿ ನಿಲ್ಸಲಿ? ಕಿಬ್ಬೊಟ್ಟೆ ಸಿಡೀತಾ ಇದೆ."

ಮಗಳು ನರ್ಸಿನ ಮುಖ ನೋಡಿದಳು.

"ಮೂತ್ರದ ಪೈಪ್ ಬೆಳಿಗ್ಗೆ ಆರಕ್ಕೇ ತೆಗೆದ್ರು," ಎಂದಳು ನರ್ಸ್, ಚಾರ್ಟ್ ತಿರುವುತ್ತ. "ಆಮೇಲೆ ಹೋಗಿದೆ ಅಂತ ಬರ್ದಿದ್ದಾರಲ್ಲ. ಹಾಸಿಗೆ ಒದ್ದೆಯಾಗಿತ್ತಂತೆ."

"ಅಯ್ಯೋ ಸಿಸ್ಟರ್, ಅದು ಲೋಟದ ನೀರು! ಅವರು ಎಸೆದಾಗ ನಮ್ಮಮ್ಮ ಇಲ್ಲೇ ಇದ್ರಂತೆ."

ನರ್ಸ್ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಕಲ್ಲಿನಂತಿತ್ತು. ಫೋನು ಹೋಯಿತು, ಕಿರಿಯ ಡಾಕ್ಟರು ಬಂದರು, ಪರದೆ ಎಳೆದರು. ಹೊಸ ಪೈಪ್ ಹಾಕಿದ್ದೇ ತಡ, ಚೀಲ ತುಂಬುತ್ತ ಹೋಯಿತು. ಹತ್ತಿರಹತ್ತಿರ ಒಂದು ಲೀಟರು! ಪರದೆಯ ಆಚೆಯಿಂದ ಅಪ್ಪನ ನಿಟ್ಟುಸಿರು ಇಡೀ ವಾರ್ಡಿಗೆ ಕೇಳಿಸಿತು.

"ಈಗ ಬಲಗೈ ಬಿಚ್ಚಿ ಸಿಸ್ಟರ್. ಕೀ ತಗೋಬೇಕು ನಾನು."

ನರ್ಸ್ ಅರೆಮನಸ್ಸಿನಿಂದಲೇ ಬಿಚ್ಚಿದಳು. ಆ ಕೈ ಹೊಸ ಪೈಪಿನತ್ತ ಹೋಗಲಿಲ್ಲ. ಇಲ್ಲದ ಕೀಯನ್ನು ಮಗಳ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ಮಡಿಸಿತು. "ಸ್ಕೂಲ್ ಹತ್ರ ನಿಧಾನ," ಎಂದು ಗೊಣಗಿ ಅಪ್ಪ ಕಣ್ಣು ಮುಚ್ಚಿದರು.

ಐದಕ್ಕೆ ಸರಿಯಾಗಿ ಡಾಕ್ಟರು ಬಂದರು. ಅಪ್ಪನ ಗೊರಕೆ ಕೇಳಿ ಬಾಗಿಲಲ್ಲೇ ನಿಂತರು. ನರ್ಸ್ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಡಾಕ್ಟರು ಚಾರ್ಟಿನ ಆ ಸಾಲನ್ನು ಹೊಡೆದುಹಾಕಿ, ಮಂಪರಿನ ಔಷಧವನ್ನು ವಾಪಸು ಕಳಿಸಿದರು. "ಎರಡು ದಿನದಿಂದ ಇವರಿಗೆ ಹಾಗ್ಮಾಡ್ಬೇಡಿ ಹೀಗ್ಮಾಡ್ಬೇಡಿ ಅಂತ ಹೇಳೋರೇ ಎಲ್ಲ. ಏನಾಗ್ತಿದೆ ಅಂತ ಕೇಳಿದ್ದು ನೀವೊಬ್ರೇ ನೋಡಿ," ಎಂದರು ಮಗಳಿಗೆ.

ಸಂಜೆ ಎಚ್ಚರವಾದಾಗಲೂ ಅಪ್ಪ ಅಲ್ಲೊಂದು ಇಲ್ಲೊಂದು ಅಸಂಬದ್ಧ ಮಾತಾಡಿದರು. ಮರುದಿನ ಬೆಳಗ್ಗೆ ಕಿಟಕಿಯ ಬಿಸಿಲಲ್ಲಿ ಅವರನ್ನು ಒರಗಿಸಿ ಕೂರಿಸಿದ್ದರು. ಡಾಕ್ಟರು ಕೇಳಿದರು, "ಇದು ಯಾವ ಜಾಗ ಹೇಳಿ?"

"ಆಸ್ಪತ್ರೆ. ಗಂಟೆಗೊಂದ್ಸಲ ಕೇಳ್ತೀರಲ್ಲ, ನಿಮಗೇ ಗೊತ್ತಿಲ್ವಾ?"

"ಇವರು ಯಾರು?"

ಅಪ್ಪ ಮಗಳನ್ನು ನೋಡಿದರು. ಮುಖ ಅರಳಿತು. "ನನ್ನ ಮಗಳು. ಡ್ರೈವರ್. ನನಗಿಂತ ಚೆನ್ನಾಗಿ ಓಡಿಸ್ತಾಳೆ. ಅವಳ ಮುಂದೆ ಮಾತ್ರ ಹೇಳಬೇಡಿ."

ಎದುರು ಮಂಚದ ಅಜ್ಜಿ ತಮ್ಮ ಹೊಟ್ಟೆಯ ಹೊಲಿಗೆ ಹಿಡಿದುಕೊಂಡೇ ನಕ್ಕರು. ಮಗಳು ಮಂಚದ ಕಂಬಿಯಲ್ಲಿ ಜೋತಾಡುತ್ತಿದ್ದ ಪಟ್ಟಿಗಳೆರಡನ್ನೂ ಬಿಚ್ಚಿ, ಸುರುಳಿ ಸುತ್ತಿ, ನರ್ಸಿನ ಕೈಗೆ ಕೊಟ್ಟಳು.