ಬಲಗೈಯ ಮೊಳೆ

ಮತ್ತೆ ಅದೇ ನೊಣ, ಶಿಲುಬೆಯ ಮೇಲಿನ ಮರದ ಕ್ರಿಸ್ತನ ಮೊಣಕಾಲಿನ ಮೇಲೆ, ಬಣ್ಣದಲ್ಲಿ ಬರೆದ ರಕ್ತದ ಗೆರೆಯ ಗುಂಟ ನಡೆಯುತ್ತಿದೆ, ಓಡಿಸುವವರಿಲ್ಲ, ಎಲ್ಲರಿಗೂ ಅಳುವ ಕೆಲಸವಿದೆ, ಪಕ್ಕದ ಮನೆಯ ಕಲಿರೋಯಿ ನನ್ನ ಹೆಗಲಿಗೆ ಹೆಗಲು ತಾಗಿಸಿ ನಿಂತು ಆಗಲೇ ಎರಡು ಸಲ ಮೂಗು ಒರೆಸಿಕೊಂಡಾಯಿತು, ಪ್ರತಿ ಶುಭ ಶುಕ್ರವಾರವೂ ಇದೇ, ಮಧ್ಯಾಹ್ನದ ಗಂಟೆ ಬಾರಿಸಿದರೆ ಸಾಕು ಇವಳ ಕಣ್ಣಲ್ಲಿ ಧಾರೆ, ಓದಲು ಬಾರದವಳು, ಪೌಲ ಯಾರು ಪೇತ್ರ ಯಾರು ಎಂದು ಕೇಳಿದರೆ ಕಣ್ಣು ಕಣ್ಣು ಬಿಡುವವಳು, ಆದರೆ ಒಲೆಯ ಮುಂದೆ ನಿಂತು ದೇವರ ಜೊತೆ ಹರಟುತ್ತಾಳೆ, ನೋಡಪ್ಪಾ, ಬೇಳೆ ಇನ್ನೂ ಬೆಂದಿಲ್ಲ, ಮಂಡಿ ನೋವು ಬೇರೆ, ನೀನೇ ಏನಾದ್ರೂ ಮಾಡು — ಗೋಡೆಯಾಚೆ ನನಗೆಲ್ಲ ಕೇಳಿಸುತ್ತದೆ, ಮೈಯೆಲ್ಲ ಉರಿಯುತ್ತದೆ. ಮೂವತ್ತೊಂದು ವರ್ಷ ಈ ಊರಿನ ಹೈಸ್ಕೂಲಿನಲ್ಲಿ ಧರ್ಮಪಾಠ ಹೇಳಿದ ನನಗೆ, ಪೊಲಿಕ್ಸೇನಿ ಟೀಚರಿಗೆ, ಒಂದು ಹನಿ ಕಣ್ಣೀರಿಲ್ಲ, ಹಳೆಯ ಧರ್ಮಗುರುಗಳ ಏಳು ಮಹಾಸಭೆಗಳ ಇಸವಿ ಬೇಕೇ, ಕೇಳಿ, ಯಾವ ಸಭೆಯಲ್ಲಿ ಯಾರನ್ನು ಹೊರಗೆ ಹಾಕಿದರು, ಕೇಳಿ, ಅವನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನಿದೆ, ಏನೂ ಇಲ್ಲ, ಅದೇ ನನ್ನ ಸಿಟ್ಟು.

ಪಾಪಾ-ಲಾಂಬ್ರೋಸ್ ಬಂದ, ಕಪ್ಪು ನಿಲುವಂಗಿ, ತೋಳಿನ ಮೇಲೆ ಬಿಳಿ ದುಪ್ಪಟಿ, ಈಗ ನಮ್ಮ ಪಾದ್ರಿ, ಒಂದು ಕಾಲಕ್ಕೆ ನನ್ನ ತರಗತಿಯ ಹಿಂದಿನ ಬೆಂಚಿನ ಶಿಖಾಮಣಿ, ಕ್ರಿಸ್ತನ ಎರಡು ಸ್ವಭಾವಗಳನ್ನು ವಿವರಿಸಿ ಎಂಬ ಪ್ರಶ್ನೆಗೆ ಒಂದೇ ಸಾಲು ಬರೆದಿದ್ದ, ನಂಗೆ ಅವನಂದ್ರೆ ಇಷ್ಟ, ಅಂತ, ಇಪ್ಪತ್ತಕ್ಕೆ ಎಂಟು ಕೊಟ್ಟೆ, ಆ ಎಂಟೂ ಕರುಣೆಯಿಂದ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ, ಇದು ಪ್ರಶ್ನೆಗೆ ಉತ್ತರವಲ್ಲ. ಅವನು ಇಂದು ಶಿಲುಬೆಯಿಂದ ಮೂರ್ತಿಯನ್ನು ಇಳಿಸಿ ದುಪ್ಪಟಿಯಲ್ಲಿ ಸುತ್ತುತ್ತಾನೆ, ಊರೆಲ್ಲ ಮಂಡಿಯೂರುತ್ತದೆ, ನಾನೂ ಊರುತ್ತೇನೆ, ವಿಧಿ ಎಲ್ಲಿಂದ ಬಂತು, ಯಾವ ಶತಮಾನದ್ದು ಎಂದು ಲೆಕ್ಕ ಹಾಕುತ್ತಾ. ಜನವರಿಯಲ್ಲೂ ಹೀಗೇ ತಾನೇ, ಯಾನಿನಾ ಪಟ್ಟಣದ ಆಸ್ಪತ್ರೆ, ಕಿಟಕಿಯಾಚೆ ಹಿಮ, ಹಾಸಿಗೆಯಲ್ಲಿ ನನ್ನ ಗಂಡ ಸ್ಟೆರ್ಯೋಸ್, ಬಡಗಿ, ನಲವತ್ತು ವರ್ಷ ಊರಿನ ಬಾಗಿಲುಗಳನ್ನೆಲ್ಲ ಮಾಡಿದ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದೆ, ಕ್ಸೇನಿ, ನಂಗೆ ಹೆದರಿಕೆ ಆಗ್ತಿದೆ ಕಣೆ, ಆ ದೇವರ ಹತ್ರ ಸ್ವಲ್ಪ ಹೇಳು. ಏನಂತ ಹೇಳಲಿ. ಸ್ಟೆರ್ಯೋಸ್‌ಗೆ ಹೆದರಿಕೆ ಅಂತ ಹೇಳು, ನೀನು ಅವನ ವಿಷಯ ಅಷ್ಟೆಲ್ಲಾ ಓದ್ಕೊಂಡಿದ್ದೀಯ, ನಿನ್ನ ಮಾತು ಕೇಳ್ತಾನೆ. ನಾನು ವಿಶ್ವಾಸಪ್ರಮಾಣ ಹೇಳಿದೆ, ಮೊದಲಿಂದ ಕೊನೆಯವರೆಗೆ, ಒಂದಕ್ಷರ ತಪ್ಪದೆ. ಅದಲ್ಲ ಕಣೆ, ಅದು ನಂಗೂ ಬರುತ್ತೆ, ಅವನಿಗೆ ಹೇಳು ಅಂದ್ರೆ. ಬಾಯಿ ತೆರೆದೆ, ಒಳಗೆ ಯಾರೂ ಇರಲಿಲ್ಲ, ಹೊರಗೂ ಯಾರೂ ಇರಲಿಲ್ಲ, ಪುನರುತ್ಥಾನದ ಬಗ್ಗೆ ವಿವರಿಸತೊಡಗಿದೆ, ಮೊದಲನೆಯದಾಗಿ, ಎರಡನೆಯದಾಗಿ — ಸ್ಟೆರ್ಯೋಸ್ ಗೋಡೆಯ ಕಡೆ ತಿರುಗಿಕೊಂಡ, ಮೂರು ದಿನ ಹಾಗೇ ಇದ್ದ, ಹಾಗೇ ಹೋದ. ಗೋಡೆಯ ಬಣ್ಣ ಹಸಿರು.

ಲಾಂಬ್ರೋಸ್ ಮೂರ್ತಿಯ ಪಾದದ ಗೂಟ ತೆಗೆದ, ಎಡಗೈಯ ಗೂಟ ತೆಗೆದ, ಈಗ ಬಲಗೈ — ಬರುತ್ತಿಲ್ಲ, ಅಲ್ಲಾಡಿಸಿದ, ಬರುತ್ತಿಲ್ಲ, ಅಯ್ಯೋ. ನಿನ್ನೆ ಮಧ್ಯಾಹ್ನ ನಾನೇ ಬಂದು ಹೊಡೆದದ್ದು, ಹೋದ ವರ್ಷ ಗುರುವಾರ ರಾತ್ರಿಯ ಶಿಲುಬೆ ಮೆರವಣಿಗೆಯಲ್ಲಿ ಬಲಗೈಯ ಮರದ ಗೂಟ ಜಾರಿ ಮೂರ್ತಿ ವಾಲಿತ್ತು, ಹೆಂಗಸರು ಕಿಸಕ್ಕನೆ ನಕ್ಕಿದ್ದರು, ಈ ಸಲ ಹಾಗಾಗಬಾರದೆಂದು ಸ್ಟೆರ್ಯೋಸ್‌ನ ಬಡಗಿ ಸಾಮಾನಿನ ಪೆಟ್ಟಿಗೆ ತಂದೆ, ಬೆರಳುದ್ದದ ಕಬ್ಬಿಣದ ಮೊಳೆ ಆರಿಸಿದೆ, ಖಾಲಿ ಇಗರ್ಜಿಯಲ್ಲಿ ಸುತ್ತಿಗೆ ಎತ್ತಿದಾಗ ಈ ಮುದಿ ಕೈಗೆ ಎಲ್ಲಿಂದ ಅಷ್ಟು ಬಲ ಬಂತೋ, ಒಂದು ಪೆಟ್ಟು ಹಸಿರು ಗೋಡೆಗೆ, ಒಂದು ಪೆಟ್ಟು ಆ ಮೌನಕ್ಕೆ, ಇನ್ನು ಅಲ್ಲಾಡು ನೋಡೋಣ ಎಂದೆ. ಮಾರನೇ ದಿನವೇ ಅವನನ್ನು ಇಳಿಸಬೇಕೆಂಬುದು ನೆನಪಾಗಲಿಲ್ಲ, ಆ ಇಳಿಸುವ ವಿಧಿಯ ಬಗ್ಗೆ ಹನ್ನೆರಡು ಪುಟದ ಲೇಖನ ಬರೆದವಳಿಗೆ. ಗಾಯಕ ಹಾಡು ನಿಲ್ಲಿಸಿ ಗೊಣಗುತ್ತಿದ್ದಾನೆ, ಯಾರ್ರೀ ಇದನ್ನ ಹೊಡೆದಿರೋದು, ಅವನನ್ನೇನು ಯಾರಾದ್ರೂ ಕದ್ಕೊಂಡು ಹೋಗ್ತಾರಾ. ಇಡೀ ಊರು ಅತ್ತಿತ್ತ ನೋಡುತ್ತಿದೆ, ನಾನು ಎದ್ದು ನಿಂತೆ, ಮಂಡಿ ಲಟಕ್ಕೆಂದಿತು, ನಾನು, ನಾನೇ ಹೊಡೆದದ್ದು. ಲಾಂಬ್ರೋಸ್ ಬೈಯಲಿಲ್ಲ, ನಗಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಇಕ್ಕಳ ಇದ್ಯಾ ಟೀಚರ್. ಮೇಣದಬತ್ತಿ ಮೇಜಿನ ಹಿಂದೆ ಪೆಟ್ಟಿಗೆಯಿದೆ. ಹಾಗಾದ್ರೆ ತನ್ನಿ, ನಾನು ಕೈಬಿಟ್ರೆ ಬೀಳ್ತಾನೆ, ನೀವೇ ಕೀಳ್ಬೇಕು.

ಮಣೆಯ ಮೇಲೆ ಹತ್ತಿದ್ದೇನೆ, ಇಷ್ಟು ಹತ್ತಿರದಿಂದ ಈ ಮುಖ ನೋಡಿರಲಿಲ್ಲ, ಕೆನ್ನೆಯ ಬಣ್ಣ ಎದ್ದಿದೆ, ಇಕ್ಕಳದ ಹಿಡಿ ಸವೆದಿದೆ, ಸ್ಟೆರ್ಯೋಸ್‌ನ ಬೆರಳು ಇದ್ದ ಕಡೆ ನನ್ನ ಬೆರಳು, ಹಿಂದಿನಿಂದ ಕಲಿರೋಯಿ, ನಿಧಾನ ಕಣೆ, ಅವನಿಗೆ ನೋವಾಗುತ್ತೆ, ಮರಕ್ಕೆ ಎಂಥ ನೋವು ಎನ್ನಬೇಕು, ಎನ್ನಲಾಗುತ್ತಿಲ್ಲ, ಎಳೆಯುತ್ತೇನೆ, ಕಿರ್ರೆನ್ನುತ್ತದೆ, ನಮ್ಮೆಲ್ಲರ ಪಾಪವೇ ಆ ಮೊಳೆಗಳು ಮಕ್ಕಳೇ, ಬರೆದುಕೊಳ್ಳಿ, ಪರೀಕ್ಷೆಗೆ ಬರುತ್ತೆ, ಪ್ರತಿ ವರ್ಷ ಸೀಮೆಸುಣ್ಣದಲ್ಲಿ ಚಿತ್ರ ಬರೆದು ಅಡಿಗೆರೆ ಎಳೆಯುತ್ತಿದ್ದೆ, ಎಲ್ಲರ ಪಾಪ, ಎಲ್ಲರದ್ದು, ನನ್ನದೆಂದು ಒಮ್ಮೆಯೂ ಅಂದಿರಲಿಲ್ಲ, ಇನ್ನೂ ಅರ್ಧ ಒಳಗಿದೆ, ಎಷ್ಟು ಆಳ ಹೊಡೆದಿದ್ದೇನೆ, ಯಾಕೆ ಸುಮ್ಮನಿದ್ದೆ ನೀನು ಜನವರಿಯಲ್ಲಿ, ಮಾತು ಬರದ ನಾನು ಸುಮ್ಮನಿದ್ದೆ ಸರಿ, ನಿನಗೇನಾಗಿತ್ತು, ಅವನು ಹೆದರಿದ್ದ, ಗೋಡೆಗೆ ಮುಖ ಹಾಕಿದ್ದ, ನೀನು ಅಲ್ಲೇ ಇದ್ದೆಯಾ, ಇದ್ದರೆ ನನಗೆ ಯಾಕೆ ಹೇಳಲಿಲ್ಲ — ತುಟಿ ಅಲ್ಲಾಡುತ್ತಿದೆ, ಯಾರ ಜೊತೆ ಜಗಳವಾಡುತ್ತಿದ್ದೇನೆ, ಲಾಂಬ್ರೋಸ್ ನೋಡಿದ, ನೋಡಿ ಕಣ್ಣು ತಗ್ಗಿಸಿದ — ಇರು, ನನ್ನದಿನ್ನೂ ಮುಗಿದಿಲ್ಲ, ಸಿಟ್ಟು ಹಾಗೇ ಇದೆ, ಆದರೆ ಇದೊಂದು ಕೇಳಿಸಿಕೋ, ಸ್ಟೆರ್ಯೋಸ್‌ಗೆ ಹೆದರಿಕೆ, ಹೇಳು ಅಂದಿದ್ದ, ಹೇಳುತ್ತಿದ್ದೇನೆ, ಮೂರು ತಿಂಗಳು ತಡವಾಗಿ, ಅವನನ್ನು ಗೋಡೆಯಿಂದ ಈ ಕಡೆ ತಿರುಗಿಸಿಕೋ, ಅವನ ಕಾಲು ಬೇಗ ತಣ್ಣಗಾಗುತ್ತದೆ — ಬಂತು, ತೋಳು ಕಳಚಿ ಅಷ್ಟೂ ಭಾರ ನನ್ನ ಹೆಗಲ ಮೇಲೆ ಬಿತ್ತು, ಇಳಿಸಿ ಟೀಚರ್, ಮೆಲ್ಲಗೆ, ಅಂಗೈಯಲ್ಲಿ ಮೊಳೆ, ಎಳೆದೆಳೆದು ಬೆಚ್ಚಗಾಗಿದೆ, ಮರದಲ್ಲಿ ತೂತು, ನಾನು ಮಾಡಿದ್ದು, ನಿನ್ನ ಕೈಯಲ್ಲಿ, ನನ್ನ ಮೊಳೆ, ಬೆಚ್ಚಗಿದೆ, ಮೊಳೆ