ಎರ್ಮೆಲಿಂದಾ ಅಡುಗೆ ಮಾಡಿದ ಹೋಟೆಲು

ಎರ್ಮೆಲಿಂದಾ ತೀರಿಕೊಂಡು ಐದು ವಾರ ಕಳೆದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅವಳ ಗಂಡ ಲಿಸಾಂದ್ರೊ ಅವಳು ಮೂವತ್ತೊಂದು ವರ್ಷ ಅಡುಗೆ ಮಾಡಿದ ಹೋಟೆಲಿಗೆ ಮೊದಲ ಸಲ ಊಟಕ್ಕೆ ಹೋದ.

ಬೊಗೊಟಾದ ಹಳೇಪೇಟೆಯ ಏರುಬೀದಿಯಲ್ಲಿರುವ ಆ ಹೋಟೆಲು ಅವನ ಅಜ್ಜನ ಕಾಲದ್ದು. ಸಿಟಿ ಬಸ್ ಓಡಿಸುತ್ತಿದ್ದಾಗ ಅವನು ಆ ಬೀದಿಯ ತುದಿಯನ್ನು ದಿನಕ್ಕೆ ಎಂಟು ಸಲ ದಾಟುತ್ತಿದ್ದ. ಮದುವೆಯಾದ ಹೊಸತರಲ್ಲಿ ಎರ್ಮೆಲಿಂದಾ ಕರೆಯುತ್ತಿದ್ದಳು: "ಒಂದಿನ ಬನ್ನಿ, ಗಿರಾಕಿ ಥರ ಕೂತ್ಕೊಂಡು ಉಣ್ಣಿ."

"ಮನೇಲಿ ಸಿಗೋ ಕೈರುಚಿಗೆ ಅಲ್ಲಿ ಹೋಗಿ ಸಾಲಲ್ಲಿ ನಿಲ್ಲಬೇಕಾ?" ಎಂದು ಅವನು ನಗುತ್ತಿದ್ದ.

ನಿಜ ಹೇಳಬೇಕೆಂದರೆ, ಮನೆಯಲ್ಲಿ ಅವನಿಗೆ ಆ ಕೈರುಚಿ ಸಿಕ್ಕಿದ್ದು ಕಡಿಮೆ. ಅವಳು ಸೋತು ಬರುತ್ತಿದ್ದಳು. ಎರಡು ಮೊಟ್ಟೆ, ಒಂದಿಷ್ಟು ಬ್ರೆಡ್ಡು. ಉಂಡು, ಮಾತಿಲ್ಲದೆ ಮಲಗುತ್ತಿದ್ದರು. ಯಾವಾಗಲೋ ಅವಳು ಕರೆಯುವುದನ್ನು ಬಿಟ್ಟಳು. ಬಿಟ್ಟಿದ್ದು ಅವನ ಗಮನಕ್ಕೂ ಬರಲಿಲ್ಲ.

ಊಟ ಬಡಿಸುವ ಎವೆಲಿಯೊ ಬಾಗಿಲಲ್ಲೇ ಅವನ ಗುರುತು ಹಿಡಿದ. ಮಣ್ಣಿಗೆ ಬಂದಿದ್ದವರಲ್ಲಿ ಇವನೂ ಒಬ್ಬ, ಅರವತ್ತು ದಾಟಿದವನು.

"ಬನ್ನಿ ಯಜಮಾನ್ರೆ, ಬನ್ನಿ. ಅಂತೂ ಬಂದ್ರಲ್ಲ!" ಎಂದು ತೋಳು ಹಿಡಿದು ಒಳಗೆ ಕರೆದೊಯ್ದು ಅಡುಗೆಮನೆಯ ಪಕ್ಕದ ಸಣ್ಣ ಮೇಜಿನಲ್ಲಿ ಕೂರಿಸಿದ. ಸುತ್ತ ಅಜ್ಜಿ, ಮೊಮ್ಮಕ್ಕಳು, ಗದ್ದಲ. ಮಣ್ಣಿನ ಬಟ್ಟಲಲ್ಲಿ ಅಹಿಯಾಕೊ ಬಂತು. ಕೋಳಿ, ಜೋಳದ ತೆನೆಯ ತುಂಡು, ಮೂರು ಬಗೆಯ ಆಲೂಗಡ್ಡೆ ಕರಗಿ ಗಟ್ಟಿಯಾದ ಸಾರು. ಪಕ್ಕದಲ್ಲಿ ಅನ್ನ, ಬೆಣ್ಣೆಹಣ್ಣು, ಕೆನೆ.

ಒಂದು ಚಮಚ ಬಾಯಿಗಿಟ್ಟ. ಇಷ್ಟು ಚೆನ್ನಾಗಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಅಕ್ಕ ಇಲ್ದೆ ಅಡುಗೆಮನೆ ಸತ್ತೋಗಿದೆ," ಎಂದ ಎವೆಲಿಯೊ. "ನಮ್ಮನ್ನೆಲ್ಲ ಅಣಕಿಸೋಳು. ಓನರ್ ಕೆಮ್ಮೋದು, ನಾನು ಕಾಲೆಳ್ಕೊಂಡು ನಡೆಯೋದು... ನಕ್ಕೂ ನಕ್ಕೂ ತಟ್ಟೆ ಬೀಳಿಸ್ತಿದ್ವಿ. ಮನೇಲೂ ಹಾಗೇ ಅಲ್ವಾ?"

ಲಿಸಾಂದ್ರೊ ಚಮಚ ಕೆಳಗಿಟ್ಟ. "ಹ್ಞೂಂ," ಎಂದ.

"ಇದು ಅಕ್ಕನ ಮೇಜು. ಪ್ರತಿ ವರ್ಷ ನಿಮ್ಮ ಮದುವೆ ದಿನದ ಹತ್ತಿರದ ಭಾನುವಾರ ಏಪ್ರನ್ ಬಿಚ್ಚಿಟ್ಟು, ತುಟಿಗೆ ಬಣ್ಣ ಹಚ್ಕೊಂಡು ಇಲ್ಲೇ ಕೂರೋಳು. 'ಇಬ್ಬರಿಗೆ ಹಾಕು' ಅನ್ನೋಳು. ಸ್ವಲ್ಪ ಹೊತ್ತು ಕಾದು, 'ಪಾಪ, ಅವರಿಗೆ ಇವತ್ತೂ ಡ್ಯೂಟಿ ಹಾಕಿರಬೇಕು' ಅಂತ ಒಬ್ಬಳೇ ಉಣ್ಣೋಳು. ನಿಮ್ಮ ಡಿಪೋ ಮ್ಯಾನೇಜರ್‌ಗೆ ನಾವು ಹಾಕಿದ ಶಾಪ ಒಂದಾ ಎರಡಾ!"

ಲಿಸಾಂದ್ರೊನಿಗೆ ಆ ಬೆಳಿಗ್ಗೆಗಳು ನೆನಪಾದವು. ಕೋಟು ಹಾಕಿಕೊಳ್ಳುತ್ತ ಅವಳು "ಇವತ್ತು ಮಧ್ಯಾಹ್ನ ಏನ್ ಮಾಡ್ತೀರಿ?" ಎಂದು ಕೇಳುತ್ತಿದ್ದಳು. ಅವನು "ತೇಹೊ" ಎನ್ನುತ್ತಿದ್ದ. ಜೇಡಿಮಣ್ಣಿನಲ್ಲಿಟ್ಟ ಸಿಡಿಮದ್ದಿನ ಪೊಟ್ಟಣಕ್ಕೆ ಕಬ್ಬಿಣದ ಬಿಲ್ಲೆ ಎಸೆಯುವ ಆಟ, ಗೆಳೆಯರು, ಬಿಯರು, ಸಂಜೆಯವರೆಗೆ. ಅವಳು "ಸರಿ" ಎಂದು ಹೊರಡುತ್ತಿದ್ದಳು.

ಸುಮ್ಮನಿರಬಹುದಿತ್ತು. ಆದರೆ ಆಗಲಿಲ್ಲ.

"ಮ್ಯಾನೇಜರ್ ಒಳ್ಳೆಯವನು ಕಣಪ್ಪ," ಎಂದ. "ಭಾನುವಾರ ನನಗೆ ಯಾವತ್ತೂ ರಜಾನೇ."

ಎವೆಲಿಯೊನ ಮುಖದ ನಗು ಮೆಲ್ಲಗೆ ಇಳಿಯಿತು. ಹೆಗಲ ಮೇಲಿನ ಬಟ್ಟೆ ತೆಗೆದು ಒರೆಸಿದ ಮೇಜನ್ನೇ ಮತ್ತೆ ಒರೆಸಿ, "ಆರೋಗುತ್ತೆ, ಉಣ್ಣಿ," ಎಂದು ಬೇರೆ ಮೇಜಿನತ್ತ ಹೋದ.

ಲಿಸಾಂದ್ರೊ ಬಟ್ಟಲು ಖಾಲಿಯಾಗುವವರೆಗೂ ಉಂಡ. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಹಬೆಯ ನಡುವೆ, ಎರ್ಮೆಲಿಂದಾಳ ಜಾಗದಲ್ಲಿ ನುಬಿಯಾ ಎಂಬ ಹೆಂಗಸಿದ್ದಳು.

"ತುಂಬಾ ಚೆನ್ನಾಗಿತ್ತಮ್ಮ," ಎಂದ.

"ಎಲ್ಲಾ ಅಕ್ಕ ಕಲಿಸಿದ್ದು," ಎಂದಳು ಅವಳು, ತಿರುಗಿ ನೋಡುವಷ್ಟು ಬಿಡುವಿಲ್ಲದೆ.

ಹೊರಗೆ ಬೀದಿ ತುಂಬ ಜನ. ಆ ಅಡುಗೆ ಹೇಗಿತ್ತೆಂದು ಹೇಳಿಕೊಳ್ಳಲು ಅವನಿಗೆ ಒಬ್ಬರೂ ಇರಲಿಲ್ಲ.

ಈಗಲೂ ಅವನು ಭಾನುವಾರಗಳಂದು ಅಲ್ಲಿಗೆ ಹೋಗುತ್ತಾನೆ. ಎವೆಲಿಯೊ ಮರ್ಯಾದೆಯಿಂದ ಬಡಿಸುತ್ತಾನೆ, ಕೆನೆ ಸಾಕಾ ಎಂದು ಕೇಳುತ್ತಾನೆ. ಅಕ್ಕನ ಮಾತನ್ನು ಮಾತ್ರ ಮತ್ತೆ ಎತ್ತಿಲ್ಲ. ಕೇಳಲು ಲಿಸಾಂದ್ರೊನಿಗೂ ಬಾಯಿ ಬಂದಿಲ್ಲ.